ಬಂಕ್ ಇಲ್ಲದ ದಾರಿಗೆ ಯಾವ ಕ್ಯಾನ್, ಎಷ್ಟು ಪೆಟ್ರೋಲ್?

ಮನಾಲಿಯಿಂದ ಲೇಹ್‌ಗೆ ಹೊರಟವರು ನಿಂತು ಫೋಟೊ ತೆಗೆಸಿಕೊಳ್ಳುವ ಫಲಕವೊಂದು ತಾಂಡಿಯಲ್ಲಿದೆ. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ಊರು ಅದು. ಮುಂದಿನ ಬಂಕ್ 365 ಕಿಲೋಮೀಟರ್ ದೂರದಲ್ಲಿದೆ ಎಂದು ಫಲಕ ಎಚ್ಚರಿಸುತ್ತದೆ. ಫೋಟೊ ಮುಗಿದ ಮೇಲೆ ಕ್ಯಾನ್ ಕಟ್ಟುವ ಗಡಿಬಿಡಿ. ನಮ್ಮ ಕಡೆಯಿಂದ ಹೋದ ಬೈಕುಗಳ ಎರಡೂ ಪಕ್ಕ ಐದೈದು ಲೀಟರಿನ ಪ್ಲಾಸ್ಟಿಕ್ ಕ್ಯಾನ್‌ಗಳು ಜೋತಾಡುತ್ತಿರುತ್ತವೆ. ಕೆಲವು ಅಡುಗೆ ಎಣ್ಣೆಯವು, ಕೆಲವು ಕುಡಿಯುವ ನೀರಿನವು. ಬಾಯಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮುಚ್ಚಳ ತಿರುಗಿಸಿ, ಎಳೆದರೆ ಹಿಗ್ಗುವ ಹಗ್ಗದಿಂದ ಬಿಗಿದರೆ ತಯಾರಿ ಮುಗಿಯಿತು. ಟೈರಿಗೆ, ಹೆಲ್ಮೆಟ್ಟಿಗೆ, ಜಾಕೆಟ್ಟಿಗೆ ಸಾವಿರಾರು ರೂಪಾಯಿ ಸುರಿದವರೂ ಕ್ಯಾನಿನ ವಿಷಯದಲ್ಲಿ ಮಾತ್ರ ಕೈಗೆ ಸಿಕ್ಕಿದ್ದರಲ್ಲೇ ತೃಪ್ತಿಪಡುತ್ತಾರೆ. ಇಡೀ ಪ್ರಯಾಣದ ಸಾಮಾನಿನಲ್ಲಿ ಅತಿ ಹೆಚ್ಚು ಯೋಚಿಸಿ ಕೊಳ್ಳಬೇಕಾದ ವಸ್ತು ಅದು ಎಂದು ನಾನು ನಂಬಿದ್ದೇನೆ.

ಕ್ಯಾನಿನಲ್ಲಿ ನಮಗೆ ಕಾಣುವುದು ಎಣ್ಣೆ. ಅಪಾಯ ಇರುವುದು ಅದರ ಆವಿಯಲ್ಲಿ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ, ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಪೆಟ್ರೋಲ್ ಬಿಡುತ್ತದೆ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹಾಗಾಗಿ ಮೇಲೆ ಹಾರಿಹೋಗದೆ ನೆಲ ಹಿಡಿದು ಹರಿದು, ತಗ್ಗು ಇದ್ದಲ್ಲಿ ಕೂರುತ್ತದೆ. ಗಾಳಿಯಲ್ಲಿ ಅದರ ಪಾಲು ಶೇ 1.4ರಿಂದ 7.6ರ ನಡುವೆ ಇದ್ದರೆ ಒಂದು ಕಿಡಿ ಸಾಕು. ತುಂಬಿದ ಕ್ಯಾನಿನೊಳಗಿನ ಆವಿ ಸಾಮಾನ್ಯವಾಗಿ ಇದಕ್ಕಿಂತ ದಟ್ಟ, ಅಲ್ಲಿ ಉರಿಯಲು ಬೇಕಾದಷ್ಟು ಗಾಳಿಯೇ ಇರುವುದಿಲ್ಲ. ಸುರಿದು ಖಾಲಿ ಮಾಡಿದ ಕ್ಯಾನಿನಲ್ಲಿ ಗಾಳಿಯೂ ಆವಿಯೂ ಬೆರೆತು ಸ್ಫೋಟಕ್ಕೆ ಹದವಾದ ಮಿಶ್ರಣ ತಯಾರಾಗಬಹುದು. ಖಾಲಿ ಡ್ರಮ್ಮಿಗೆ ಬೆಸುಗೆ ಹಾಕಲು ಹೋಗಿ ಗ್ಯಾರೇಜಿನವರು ಪ್ರಾಣ ಕಳೆದುಕೊಳ್ಳುವುದು ಇದೇ ಕಾರಣಕ್ಕೆ. ಆದ್ದರಿಂದ ನಾವು ಹುಡುಕಬೇಕಾದದ್ದು ಆವಿಯನ್ನು ಹಿಡಿದಿಡಬಲ್ಲ ಪಾತ್ರೆಯನ್ನು. ಅದರ ಜೊತೆಗೆ, ಆ ಪಾತ್ರೆ ತುಂಬಿಕೊಂಡು ನಮ್ಮ ಪಕ್ಕದಲ್ಲಿರುವ ಸಮಯವನ್ನು ಆದಷ್ಟು ಕಡಿಮೆ ಮಾಡಬೇಕು. ಮುಂದೆ ಹೇಳುವುದೆಲ್ಲ ಈ ಎರಡು ಮಾತುಗಳಿಂದಲೇ ಹುಟ್ಟುತ್ತದೆ.

ಎತ್ತರದ ದಾರಿಯಲ್ಲಿ ಆವಿಯ ಆಟ ಇನ್ನೂ ಜೋರು. ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ. ಲೇಹ್ ತಲುಪುವ ಮುನ್ನ ದಾಟುವ ತಗ್‌ಲಾಂಗ್ ಲಾ ಕಣಿವೆದಾರಿ 5,300 ಮೀಟರ್ ಮೀರಿದ್ದು; ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧದಷ್ಟೇ. ಕೆಳಗೆ ಬಿಗಿಯಾಗಿ ಮುಚ್ಚಿದ ಕ್ಯಾನಿನೊಳಗೆ ಕೆಳಗಿನ ಒತ್ತಡವೇ ಉಳಿದಿರುತ್ತದೆ, ಹೊರಗಿನದ್ದು ಮಾತ್ರ ಇಳಿದಿರುತ್ತದೆ. ಮೇಲಿಂದ ಬೀಳುವ ಬಿಸಿಲು ಎಣ್ಣೆಯನ್ನೂ ಹಿಗ್ಗಿಸುತ್ತದೆ. ಇಪ್ಪತ್ತು ಲೀಟರ್ ಪೆಟ್ರೋಲ್ ಮೂವತ್ತು ಡಿಗ್ರಿ ಬಿಸಿಯಾದರೆ ಅರ್ಧ ಲೀಟರಿಗೂ ಹೆಚ್ಚು ಉಬ್ಬುತ್ತದೆ. ಕಂಠಪೂರ್ತಿ ತುಂಬಿದ ತೆಳು ಪ್ಲಾಸ್ಟಿಕ್ ಕ್ಯಾನ್ ಆಗ ಹೊಟ್ಟೆ ಬಿಟ್ಟುಕೊಂಡು ನಿಲ್ಲುತ್ತದೆ, ಮುಚ್ಚಳದ ಸುತ್ತ ಒಸರಲು ಶುರುವಾಗುತ್ತದೆ. ಒಸರಿದ್ದು ಇಳಿಯುವ ಜಾಗದಲ್ಲಿ ಸೈಲೆನ್ಸರ್ ಇದ್ದರೆ ಮುಂದಿನದ್ದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಸಮಸ್ಯೆಗೆ ಈವರೆಗೆ ಸಿಕ್ಕಿರುವ ಅತ್ಯುತ್ತಮ ಉತ್ತರಕ್ಕೆ ಎಂಬತ್ತು ವರ್ಷಕ್ಕೂ ಮೀರಿದ ವಯಸ್ಸು. 1930ರ ದಶಕದ ಕೊನೆಯಲ್ಲಿ ಜರ್ಮನಿಯ ಸೇನೆ ಇಪ್ಪತ್ತು ಲೀಟರಿನ ಒಂದು ಉಕ್ಕಿನ ಕ್ಯಾನನ್ನು ಗುಟ್ಟಾಗಿ ತಯಾರಿಸಿ ರಾಶಿ ಹಾಕಿಕೊಂಡಿತು. ಮ್ಯೂಲರ್ ಎಂಬ ಕಂಪನಿಯ ಎಂಜಿನಿಯರ್ ವಿನ್ಸೆಂಜ್ ಗ್ರೂನ್‌ಫೋಗೆಲ್ ಅದರ ವಿನ್ಯಾಸಕ. ಆ ಕಾಲದಲ್ಲಿ ಬ್ರಿಟಿಷ್ ಸೇನೆಯ ಕೈಯಲ್ಲಿದ್ದದ್ದು ನಾಲ್ಕು ಗ್ಯಾಲನ್‌ನ, ಅಂದರೆ ಹದಿನೆಂಟು ಲೀಟರಿನ, ತೆಳು ತಗಡಿನ ಚೌಕ ಡಬ್ಬ. ನಮ್ಮ ಹಳೆಯ ಮನೆಗಳಲ್ಲಿ ನೀರು ಹೊರಲು, ಧಾನ್ಯ ತುಂಬಲು ಬಳಸುತ್ತಿದ್ದ ಸೀಮೆಎಣ್ಣೆ ಡಬ್ಬದ ಜಾತಿಯದ್ದೇ. ಲಿಬಿಯಾ, ಈಜಿಪ್ಟಿನ ಮರುಭೂಮಿಯಲ್ಲಿ ಲಾರಿಯ ಕುಲುಕಾಟಕ್ಕೆ ಅದರ ಬೆಸುಗೆ ಬಿರಿದು, ಹೊತ್ತ ಎಣ್ಣೆಯಲ್ಲಿ ದೊಡ್ಡ ಪಾಲು ದಾರಿಯಲ್ಲೇ ಸೋರಿಹೋಗುತ್ತಿತ್ತು. ಸೈನಿಕರು ಖಾಲಿ ಡಬ್ಬವನ್ನು ಅರ್ಧಕ್ಕೆ ಕತ್ತರಿಸಿ, ಮರಳು ತುಂಬಿ, ಮೇಲೆ ಪೆಟ್ರೋಲ್ ಸುರಿದು ಟೀ ಕಾಯಿಸುವ ಒಲೆ ಮಾಡಿಕೊಂಡರು. ಶತ್ರುವಿನಿಂದ ವಶವಾದ ಜರ್ಮನ್ ಕ್ಯಾನ್ ಅವರಿಗೆ ಚಿನ್ನದಷ್ಟು ಬೆಲೆಯದ್ದಾಗಿತ್ತು. ಜರ್ಮನರನ್ನು 'ಜೆರಿ' ಎಂದು ಕರೆಯುತ್ತಿದ್ದವರು ಆ ಕ್ಯಾನಿಗೂ ಅದೇ ಹೆಸರಿಟ್ಟರು, ಜೆರಿಕ್ಯಾನ್ ಆಯಿತು.

ಈ ಕ್ಯಾನ್ ಅಮೆರಿಕ ತಲುಪಿದ್ದು ಭಾರತದ ಮೂಲಕ. ಬರ್ಲಿನ್ನಿನಲ್ಲಿ ಕೆಲಸದಲ್ಲಿದ್ದ ಅಮೆರಿಕನ್ ಎಂಜಿನಿಯರ್ ಪಾಲ್ ಪ್ಲೈಸ್ 1939ರಲ್ಲಿ ಒಬ್ಬ ಜರ್ಮನ್ ಸಹೋದ್ಯೋಗಿಯ ಜೊತೆ ಕಾರಿನಲ್ಲಿ ಭಾರತಕ್ಕೆ ಹೊರಟ. ದಾರಿಯಲ್ಲಿ ಕುಡಿಯುವ ನೀರು ಒಯ್ಯಲು ಏನಾದರೂ ಬೇಕಿತ್ತು. ಟೆಂಪೆಲ್‌ಹಾಫ್ ವಿಮಾನ ನಿಲ್ದಾಣದ ದಾಸ್ತಾನಿನಿಂದ ಸಹೋದ್ಯೋಗಿ ಮೂರು ಕ್ಯಾನ್‌ಗಳನ್ನು ಎತ್ತಿಕೊಂಡು ಬಂದ. ಹಲವು ದೇಶಗಳ ಗಡಿ ದಾಟಿದ ಮೇಲೆ ಜರ್ಮನ್ ಗೆಳೆಯನಿಗೆ ವಾಪಸು ಕರೆ ಬಂತು. ಪ್ಲೈಸ್ ಮಾತ್ರ ಮುಂದುವರಿದು ಕಲ್ಕತ್ತಾದಲ್ಲಿ ಕಾರು ಬಿಟ್ಟು ತನ್ನ ದೇಶಕ್ಕೆ ಮರಳಿದ. ಆಮೇಲೆ ಕಾರಿನ ಜೊತೆ ಕ್ಯಾನ್‌ಗಳೂ ಹಡಗು ಹತ್ತಿ ನ್ಯೂಯಾರ್ಕ್ ಸೇರಿದವು. ಅಮೆರಿಕದ ಸೇನೆ ಅದನ್ನು ನೋಡಿ ತನ್ನದೊಂದು ಮಾದರಿ ಮಾಡಿಕೊಂಡಿತು. ಆಕಾರ, ಹಿಡಿಗಳನ್ನು ಉಳಿಸಿಕೊಂಡಿತು, ಆದರೆ ಬೆಸುಗೆ ಹಾಕಿದ ಜೋಡಣೆಯನ್ನು ಬಿಟ್ಟು ಮಡಚಿದ ಅಂಚು ತಂದಿತು. ಒಳಗಿನ ಲೇಪನ ಕೈಬಿಟ್ಟಿತು. ತೆರೆಯಲು ಸ್ಪ್ಯಾನರ್, ಸುರಿಯಲು ಆಲಿಕೆ ಬೇಕಾಗುವಂಥ ಬಾಯಿ ಇಟ್ಟಿತು. ಜರ್ಮನ್ ಕ್ಯಾನಿನಲ್ಲಿ ಯಾವುದು ಮುಖ್ಯವಾಗಿತ್ತೋ ಅದೇ ಹೋಯಿತು. ಬ್ರಿಟನ್ ಜಾಣತನ ತೋರಿ ಇದ್ದಂತೆಯೇ ನಕಲು ಮಾಡಿತು.

ಒಳ್ಳೆಯ ಜೆರಿಕ್ಯಾನೊಂದನ್ನು ಎದುರಿಗಿಟ್ಟು ನೋಡಿದರೆ ಆ ಮುಖ್ಯವಾದದ್ದು ಏನೆಂದು ತಿಳಿಯುತ್ತದೆ. ಎರಡು ಅರೆಗಳನ್ನು ಒತ್ತಿ ತಯಾರಿಸಿ ನಡುವೆ ಸುತ್ತಲೂ ಬೆಸೆದಿರುತ್ತಾರೆ. ಬೆಸುಗೆಯ ಗೆರೆ ಒಳಕ್ಕೆ ತಗ್ಗಿರುವುದರಿಂದ ಬಿದ್ದರೂ ಏಟು ಅದಕ್ಕೆ ತಾಗುವುದಿಲ್ಲ. ಅಗಲವಾದ ಎರಡೂ ಮುಖಗಳ ಮೇಲೆ ಓರೆಯಾಗಿ ಒತ್ತಿದ ದೊಡ್ಡ ಗುಣಾಕಾರ ಚಿಹ್ನೆ ಅಂದಕ್ಕೆ ಇಟ್ಟದ್ದಲ್ಲ. ಒಳಗೆ ಒತ್ತಡ ಏರಿದಾಗ ತಗಡು ಅಲ್ಲಿ ಹಿಗ್ಗುತ್ತದೆ, ಇಳಿದಾಗ ಕುಗ್ಗುತ್ತದೆ, ಹರಿಯುವುದಿಲ್ಲ. ತಲೆಯ ಮೇಲೆ ಮೂರು ಹಿಡಿಗಳಿವೆ: ನಡುವಿನದ್ದು ಒಬ್ಬನೇ ಎತ್ತಲು, ಬದಿಯ ಎರಡು ಇಬ್ಬರು ಸೇರಿ ಹಿಡಿಯಲು ಅಥವಾ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಲು. ಹಿಡಿಯ ಕೆಳಗಿನ ಉಬ್ಬಿನಲ್ಲಿ ಗಾಳಿಗೆ ಜಾಗವಿದೆ. ಹೇಳಿದ ಮಟ್ಟಕ್ಕೆ ತುಂಬಿದ ಕ್ಯಾನ್ ನೀರಿಗೆ ಬಿದ್ದರೆ ತೇಲುತ್ತದೆ. ಬಾಯಿಗೆ ತಿರುಪಿನ ಮುಚ್ಚಳವಿಲ್ಲ, ಸನ್ನೆಯಂತೆ ಒತ್ತಿ ಬಿಗಿಯುವ ಮುಚ್ಚಳವಿದೆ. ಜಾರಿ ತೆರೆಯದಂತೆ ಅದಕ್ಕೊಂದು ಪಿನ್ನು. ಸುರಿಯುವಾಗ ಗಾಳಿ ಒಳಹೋಗಲು ಪುಟ್ಟ ಕೊಳವೆ ಇರುವುದರಿಂದ ಎಣ್ಣೆ ಗುಳುಗುಳು ಎಂದು ಚೆಲ್ಲದೆ ಸಮನಾಗಿ ಇಳಿಯುತ್ತದೆ. ಇಷ್ಟು ವರ್ಷಗಳಲ್ಲಿ ಇದಕ್ಕೆ ಹೊಸದಾಗಿ ಸೇರಿಸಬೇಕಾದದ್ದು ಹೆಚ್ಚೇನೂ ಬಂದಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಾಗಲಿ, ಸೇನೆಯ ಹಳೆಯ ಸಾಮಾನು ಮಾರುವವರಲ್ಲಾಗಲಿ, ಆನ್‌ಲೈನ್‌ನಲ್ಲಾಗಲಿ ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬಾರದು. ಮುಚ್ಚಳ ತೆರೆದು ವಾಷರ್ ನೋಡಿ. ಉಗುರಿನಿಂದ ಒತ್ತಿದರೆ ತಗ್ಗಿ ಮತ್ತೆ ಮೇಲೆ ಬರಬೇಕು, ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬೇಡ. ಬೆರಳನ್ನು ಬಾಯಿಯ ಒಳಅಂಚಿಗೆ ಸವರಿದರೆ ಕೆಂಪು ಪುಡಿ ಅಂಟಬಾರದು. ಟಾರ್ಚ್ ಬಿಟ್ಟು ಒಳಗೆ ಇಣುಕಿದಾಗ ಲೇಪನ ಹಾಳೆಯಂತೆ ಎದ್ದಿದ್ದರೆ ಅದು ನಾಳೆ ನಿಮ್ಮ ಫ್ಯುಯೆಲ್ ಫಿಲ್ಟರಿನಲ್ಲಿ ಸಿಗುತ್ತದೆ. ಹಿಡಿ ಹಿಡಿದು ಅಲುಗಾಡಿಸಿ, ಬೆಸುಗೆಯ ಗೆರೆಯನ್ನು ಒಂದು ಸುತ್ತು ಬೆರಳಿನಿಂದ ಹಿಂಬಾಲಿಸಿ. ಸೇನೆಯ ಹಳೆಯ ಕ್ಯಾನಿನಲ್ಲಿ ಹಿಂದೆ ಏನಿತ್ತೆಂದು ಮೂಸಿ ನೋಡಿ. ಒಮ್ಮೆ ಎಣ್ಣೆ ಹಿಡಿದದ್ದು ಮುಂದೆಂದೂ ನೀರಿಗೆ ಬಳಸುವ ಹಾಗಿಲ್ಲ. ಈ ಗೊಂದಲ ತಪ್ಪಿಸಲೆಂದೇ ಜರ್ಮನ್ ಸೇನೆ ನೀರಿನ ಕ್ಯಾನಿಗೆ ದೊಡ್ಡ ಬಿಳಿ ಶಿಲುಬೆ ಬಳಿಯುತ್ತಿತ್ತು. ನಾವೂ ಪೆಟ್ರೋಲ್, ಡೀಸೆಲ್, ನೀರು ಎಂದು ದಪ್ಪ ಅಕ್ಷರದಲ್ಲಿ ಬರೆದರೆ ಕತ್ತಲೆಯಲ್ಲಿ ತಪ್ಪಾಗುವುದಿಲ್ಲ.

ಪ್ಲಾಸ್ಟಿಕ್ ಬೇಡವೇ? ಇಂಧನಕ್ಕೆಂದೇ ತಯಾರಿಸಿದ, ಆವಿ ಹೊರಹೋಗದಂತೆ ಪದರ ಕೊಟ್ಟ ದಪ್ಪ ಪಾಲಿಥೀನ್ ಕ್ಯಾನ್‌ಗಳು ಹೊರದೇಶಗಳಲ್ಲಿ ಬಳಕೆಯಲ್ಲಿವೆ. ತುಕ್ಕು ಹಿಡಿಯುವುದಿಲ್ಲ, ಹಗುರ. ಅಡುಗೆ ಎಣ್ಣೆಯ ಕ್ಯಾನ್ ಆ ಜಾತಿಯದ್ದಲ್ಲ. ಅದರ ಗೋಡೆಯ ಮೂಲಕವೇ ಆವಿ ನಿಧಾನವಾಗಿ ಜಿನುಗುತ್ತದೆ, ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗುತ್ತದೆ, ಮುಚ್ಚಳದಲ್ಲಿ ಸರಿಯಾದ ವಾಷರ್ ಇರುವುದಿಲ್ಲ. ಮೇಲಾಗಿ ನಮ್ಮಲ್ಲಿ ಕಾನೂನಿನ ಮಾತೂ ಇದೆ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ, ಮಾರಾಟಕ್ಕಲ್ಲದೆ ಸ್ವಂತಕ್ಕೆ ಮೂವತ್ತು ಲೀಟರ್‌ವರೆಗೆ ಪೆಟ್ರೋಲ್ ಇಟ್ಟುಕೊಳ್ಳಲು, ಸಾಗಿಸಲು ಪರವಾನಗಿ ಬೇಕಿಲ್ಲ. ಆದರೆ ಅದು ಬಿಗಿಯಾಗಿ ಮುಚ್ಚಿದ ಗಾಜು, ಪಿಂಗಾಣಿ ಅಥವಾ ಲೋಹದ ಪಾತ್ರೆಯಲ್ಲಿರಬೇಕು. ಗಾಜು, ಪಿಂಗಾಣಿಯಾದರೆ ಒಂದೊಂದೂ ಒಂದು ಲೀಟರ್ ಮೀರಬಾರದು, ಲೋಹದ್ದಾದರೆ ಇಪ್ಪತ್ತೈದು ಲೀಟರ್ ಮೀರಬಾರದು. ಪ್ಲಾಸ್ಟಿಕ್ಕಿನ ಹೆಸರು ಅಲ್ಲಿಲ್ಲ. ಬಾಟಲಿ ಚಾಚಿದರೆ ಬಂಕಿನ ಹುಡುಗ ತಲೆಯಾಡಿಸುತ್ತಾನೆಂದು ನಾವು ರೇಗುತ್ತೇವೆ. ಅವನು ಮಾಡುತ್ತಿರುವುದು ಸರಿ.

ಎಷ್ಟು ಒಯ್ಯಬೇಕು ಎಂಬ ಪ್ರಶ್ನೆಗೆ ಭಯಕ್ಕಿಂತ ಗುಣಾಕಾರ, ಭಾಗಾಕಾರ ಒಳ್ಳೆಯ ಸಲಹೆಗಾರ. ಹದಿನೈದು ಲೀಟರ್ ಟ್ಯಾಂಕಿನ ಬೈಕೊಂದು ಹೆದ್ದಾರಿಯಲ್ಲಿ ಲೀಟರಿಗೆ 30 ಕಿ.ಮೀ. ಕೊಡುತ್ತದೆ ಎಂದುಕೊಳ್ಳಿ. ತೆಳು ಗಾಳಿ, ಏರು, ಒಂದು ಎರಡನೇ ಗೇರಿನ ಓಡಾಟದಲ್ಲಿ ಅದನ್ನು 22ಕ್ಕೆ ಇಳಿಸಿ. ತಾಂಡಿಯ 365 ಕಿ.ಮೀ.ಗೆ ದಾರಿ ತಪ್ಪುವ, ಸುತ್ತಿ ಬರುವ ಲೆಕ್ಕದಲ್ಲಿ ಇನ್ನೊಂದು 80 ಸೇರಿಸಿ. ಬೇಕಾಗುವುದು ಸುಮಾರು ಇಪ್ಪತ್ತು ಲೀಟರ್. ಅಂದರೆ ಐದು ಲೀಟರಿನ ಒಂದೇ ಕ್ಯಾನ್ ಸಾಕು, ಎರಡು ಬೇಡ. ಐವತ್ತು ಲೀಟರ್ ಟ್ಯಾಂಕಿನ ಜೀಪು ಲೀಟರಿಗೆ ಹತ್ತರಂತೆ ಓಡಿದರೂ ಐನೂರು ಕಿ.ಮೀ. ಹೋಗುತ್ತದೆ, ಅದಕ್ಕೆ ಈ ದಾರಿಯಲ್ಲಿ ಕ್ಯಾನೇ ಬೇಡ. ಹಾನ್ಲೆ, ತ್ಸೋ ಮೊರಿರಿ ಸುತ್ತುವವರ ಲೆಕ್ಕ ಬೇರೆ. ಎಲ್ಲೆಲ್ಲಿ ಬಂಕ್ ತೆರೆದಿದೆ, ಎಲ್ಲಿ ದಾಸ್ತಾನು ಮುಗಿದಿದೆ ಎಂಬುದನ್ನು ಹೊರಡುವ ವಾರವೇ ಕೇಳಿ ತಿಳಿದುಕೊಳ್ಳಬೇಕು. ಇಪ್ಪತ್ತು ಲೀಟರ್ ಪೆಟ್ರೋಲ್ ಹದಿನೈದು ಕಿಲೋ ತೂಗುತ್ತದೆ, ಉಕ್ಕಿನ ಕ್ಯಾನಿನದ್ದು ಇನ್ನೊಂದು ನಾಲ್ಕು ಕಿಲೋ. ನನ್ನ ಮಟ್ಟಿಗೆ ಒಂದು ದೊಡ್ಡದಕ್ಕಿಂತ ಹತ್ತು ಲೀಟರಿನ ಎರಡು ಮೇಲು. ಎತ್ತಿ ಸುರಿಯುವಾಗ ಬೆನ್ನು ಉಳಿಯುತ್ತದೆ, ಒಂದು ಹಾಳಾದರೂ ಇನ್ನೊಂದು ಇರುತ್ತದೆ.

ತುಂಬಿಸುವಾಗ ಕ್ಯಾನನ್ನು ವಾಹನದಿಂದ ಇಳಿಸಿ ನೆಲದ ಮೇಲೆ ಇಡಲೇಬೇಕು. ಪಿಕಪ್‌ನ ಪ್ಲಾಸ್ಟಿಕ್ ಹಾಸಿನ ಮೇಲೋ ಬೈಕಿನ ಚೀಲದೊಳಗೋ ಇಟ್ಟು ತುಂಬಿಸಿದರೆ ಹರಿಯುವ ಎಣ್ಣೆಯಿಂದ ಹುಟ್ಟುವ ಸ್ಥಿರವಿದ್ಯುತ್ತಿಗೆ ಭೂಮಿಗೆ ಇಳಿಯಲು ದಾರಿ ಇರುವುದಿಲ್ಲ. ಆಗ ಕ್ಯಾನ್ ಮತ್ತು ಪಂಪಿನ ಮೂತಿಯ ನಡುವೆ ಕಿಡಿ ಹಾರಬಹುದು. ಪಂಪಿನ ಮೂತಿ ಕ್ಯಾನಿನ ಬಾಯಿಗೆ ತಾಗಿಕೊಂಡೇ ಇರಬೇಕು, ನಿಧಾನವಾಗಿ ತುಂಬಬೇಕು, ಮೇಲೆ ಗಾಳಿಗೆ ಜಾಗ ಬಿಡಬೇಕು. ಹೊಸ ಕ್ಯಾನಾದರೆ ಮುಚ್ಚಿದ ಮೇಲೆ ಹತ್ತು ನಿಮಿಷ ನೆರಳಿನ ಬಯಲಿನಲ್ಲಿ ಹಳೆಯ ಪತ್ರಿಕೆಯ ಮೇಲೆ ಅಡ್ಡ ಮಲಗಿಸಿ. ಕಾಗದದ ಮೇಲೆ ಒದ್ದೆ ಕಲೆ ಮೂಡಿದರೆ ಅದನ್ನು ಒಯ್ಯಬೇಡಿ.

ಎಲ್ಲಿ ಕಟ್ಟುವುದು ಎಂಬುದಕ್ಕೆ ನೂರಕ್ಕೆ ನೂರು ಸರಿಯಾದ ಉತ್ತರ ಇಲ್ಲ. ಜನ ಕೂರುವ ಜಾಗದೊಳಗೆ ಬೇಡವೇ ಬೇಡ, ಆವಿ ತಲೆನೋವು ತರುತ್ತದೆ, ಮುಚ್ಚಿದ ಗಾಜಿನೊಳಗೆ ಶೇಖರವಾಗುತ್ತದೆ. ಛಾವಣಿಯ ಮೇಲೆ ಇಟ್ಟರೆ ಓರೆ ಇಳಿಜಾರಿನಲ್ಲಿ ಗಾಡಿ ಮಗುಚುವ ಸಂಭವ ಹೆಚ್ಚು. ಹಿಂಬದಿಯ ಬಂಪರಿಗೆ ನೇತುಹಾಕಿದರೆ ಹಿಂದಿನಿಂದ ಯಾರಾದರೂ ಗುದ್ದಿದಾಗ ಮೊದಲ ಏಟು ಅದಕ್ಕೇ. ಪಿಕಪ್ ಇದ್ದವರು ಡ್ರೈವರ್ ಕ್ಯಾಬಿನ್ನಿನ ಹಿಂದೆ, ತೆರೆದ ತೊಟ್ಟಿಯಲ್ಲಿ, ನೆಟ್ಟಗೆ ನಿಲ್ಲಿಸಿ ಕಟ್ಟುವುದು ಎಲ್ಲಕ್ಕಿಂತ ಉತ್ತಮ. ಬೈಕಿನವರು ಸೈಲೆನ್ಸರ್ ಇಲ್ಲದ ಬದಿಯಲ್ಲಿ, ಕಬ್ಬಿಣದ ಚೌಕಟ್ಟಿನೊಳಗೆ, ಬಿದ್ದಾಗ ಚೌಕಟ್ಟೇ ನೆಲ ತಾಗುವ ಹಾಗೆ ಕೂರಿಸಬೇಕು. ಹಗ್ಗಕ್ಕಿಂತ ಕೊಂಡಿಯ ಬೆಲ್ಟ್ ಮೇಲು. ಕಲ್ಲುಹಾದಿಯ ಅದುರಿಗೆ ಲೋಹ ಲೋಹವನ್ನು ಉಜ್ಜಿ ಒಂದೇ ದಿನದಲ್ಲಿ ಬಣ್ಣ ಸವೆಸುತ್ತದೆ, ಕೆಲವೇ ದಿನಗಳಲ್ಲಿ ತೂತನ್ನೂ ಮಾಡಬಲ್ಲದು. ಹಳೆಯ ಟೈರ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ನಡುವೆ ಇಟ್ಟರೆ ಆ ತೊಂದರೆ ಇಲ್ಲ. ಸಂಜೆ ಬೀಡುಬಿಟ್ಟಾಗ ಬೆಲ್ಟ್ ಬಿಚ್ಚಿ ಆ ಜಾಗವನ್ನೊಮ್ಮೆ ನೋಡುವುದು ಚೈನಿಗೆ ಎಣ್ಣೆ ಬಿಡುವಷ್ಟೇ ಅಗತ್ಯ.

ಟ್ಯಾಂಕಿನಲ್ಲಿ ಕ್ಯಾನಿನಷ್ಟು ಜಾಗವಾದ ಕೂಡಲೇ ಸುರಿದುಬಿಡಿ. ಟ್ಯಾಂಕು ಖಾಲಿಯಾಗಿ ಗಾಡಿ ನಿಲ್ಲಲಿ ಎಂದು ಕಾಯುವುದು ದೊಡ್ಡ ತಪ್ಪು. ವಾಹನದ ಟ್ಯಾಂಕನ್ನು ಇಂಧನ ಹಿಡಿಯಲೆಂದೇ ಮಾಡಿದ್ದಾರೆ, ಅದಕ್ಕಿಂತ ಸುರಕ್ಷಿತ ಪಾತ್ರೆ ನಿಮ್ಮ ಬಳಿ ಇಲ್ಲ. ಎಂಜಿನ್ ಆರಿಸಿ ಸ್ವಲ್ಪ ತಣಿಯಲು ಬಿಡಿ, ಸೇದುವವರನ್ನು ದೂರ ಕಳಿಸಿ. ಎತ್ತರದಲ್ಲಿ ಮುಚ್ಚಳವನ್ನು ಒಮ್ಮೆಲೇ ಎಬ್ಬಿಸಿದರೆ ಕುಲುಕಿದ ಸೋಡಾ ಬಾಟಲಿಯ ಹಾಗೆ ಪೆಟ್ರೋಲ್ ಮುಖಕ್ಕೆ ಚಿಮ್ಮುತ್ತದೆ. ಮುಚ್ಚಳದ ಮೇಲೆ ಹತ್ತಿ ಬಟ್ಟೆ ಹಾಕಿ, ಮುಖ ಪಕ್ಕಕ್ಕೆ ತಿರುಗಿಸಿ, ಸನ್ನೆಯನ್ನು ಕಾಲುಭಾಗ ಮಾತ್ರ ಎತ್ತಿ ಹಿಡಿದರೆ 'ಸುಯ್' ಎಂದು ಒತ್ತಡ ಇಳಿಯುತ್ತದೆ. ಸದ್ದು ಪೂರ್ತಿ ನಿಂತ ಮೇಲೆ ತೆರೆಯಿರಿ. ಬಾಯಿಯಿಂದ ಪೈಪ್ ಎಳೆದು ಪೆಟ್ರೋಲ್ ಇಳಿಸುವುದನ್ನು ನಮ್ಮ ಊರುಗಳಲ್ಲಿ ಎಲ್ಲರೂ ಕಂಡಿದ್ದೇವೆ. ದಯವಿಟ್ಟು ಯಾರೂ ಮಾಡಬೇಡಿ, ಮಕ್ಕಳ ಎದುರಿಗಂತೂ ಬೇಡ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ತೀವ್ರವಾದ ನ್ಯುಮೋನಿಯಾ ಆಗುತ್ತದೆ. ಅಕಸ್ಮಾತ್ ನುಂಗಿದವರಿಗೆ ವಾಂತಿ ಮಾಡಿಸಬಾರದು, ಮೇಲೆ ಬರುವಾಗ ಮತ್ತೆ ಶ್ವಾಸಕೋಶ ಸೇರುತ್ತದೆ. ನೇರ ಆಸ್ಪತ್ರೆಗೆ ಒಯ್ಯಬೇಕು. ಬೆಂಕಿ ಹೊತ್ತಿದರೆ ನೀರು ಹಾಕಬಾರದು, ಉರಿಯುವ ಪೆಟ್ರೋಲ್ ನೀರಿನ ಮೇಲೆ ತೇಲಿ ಹರಡುತ್ತದೆ. ಪುಡಿ ತುಂಬಿದ ಸಣ್ಣ ಅಗ್ನಿಶಾಮಕ ಕ್ಯಾನಿನ ಪಕ್ಕದಲ್ಲಿ ಬೇಡ, ಕೈಗೆ ಬೇಗ ಸಿಗುವ ಬೇರೆ ಜಾಗದಲ್ಲಿ ಇರಲಿ.

ಈಗಿನ ಪೆಟ್ರೋಲ್ ಹಳೆಯ ಪೆಟ್ರೋಲ್ ಅಲ್ಲ ಎಂಬುದೂ ನೆನಪಿರಬೇಕು. ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ದೇಶದ ಬಂಕುಗಳಲ್ಲಿ ಸಾಮಾನ್ಯವಾಗಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರಿನಂಶ ಒಂದು ಮಿತಿ ದಾಟಿದರೆ ನೀರು ಮತ್ತು ಎಥನಾಲ್ ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ಚಳಿ ಹೆಚ್ಚಿದಷ್ಟೂ ಈ ಮಿತಿ ಕೆಳಗಿಳಿಯುತ್ತದೆ. ಹಗಲು ಸರಿಯಾಗಿದ್ದ ಪೆಟ್ರೋಲ್ ಪರ್ವತದ ರಾತ್ರಿಯ ಚಳಿಗೆ ಎರಡು ಪದರವಾಗಬಹುದು, ಬೆಳಿಗ್ಗೆ ಅದನ್ನೇ ಟ್ಯಾಂಕಿಗೆ ಸುರಿದರೆ ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಡಾಬಾಗಳಲ್ಲಿ ಬಾಟಲಿಗೆ ತುಂಬಿ ಮಾರುವ ಪೆಟ್ರೋಲಿನ ಬಗ್ಗೆ ಎಚ್ಚರ ಬೇಕಾದದ್ದು ಇದಕ್ಕೇ. ಕೊಳ್ಳಲೇಬೇಕಾದರೆ ಗಾಜಿನ ಬಾಟಲಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ತಳ ನೋಡಿ. ಡೀಸೆಲ್ಲಿನ ತೊಂದರೆ ಬೇರೆ ಬಗೆಯದ್ದು. ಚಳಿಗೆ ಅದರೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಲಡಾಖಿಗಾಗಿಯೇ ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯಬಲ್ಲ ಚಳಿಗಾಲದ ಡೀಸೆಲ್ ತಂದಿತು. ಬಯಲುಸೀಮೆಯ ಬಂಕಿನಲ್ಲಿ ತುಂಬಿಸಿದ ಕ್ಯಾನನ್ನು ಚಳಿಗಾಲದಲ್ಲಿ ಅಲ್ಲಿಗೆ ಹೊತ್ತು ಫಲವಿಲ್ಲ.

ಹಿಮಾಲಯಕ್ಕೆ ಹೋಗದವರಿಗೂ ಇದು ಬೇಕಾದ ವಿಷಯ. ಕೊಡಗು, ಸಕಲೇಶಪುರ, ಮೂಡಿಗೆರೆಯ ತೋಟಗಳಲ್ಲಿ ಕಳೆ ಕತ್ತರಿಸುವ ಯಂತ್ರಕ್ಕೆ ಟೂ-ಟಿ ಆಯಿಲ್ ಬೆರೆಸಿದ ಪೆಟ್ರೋಲ್, ಪಂಪ್‌ಸೆಟ್ಟಿಗೆ ಡೀಸೆಲ್ ಎಂದು ಜೀಪಿನ ಹಿಂದೆ ಕ್ಯಾನ್ ಸದಾ ಇರುತ್ತದೆ. ಅಲ್ಲಿ ನಾನು ಕಂಡ ಅತಿ ಕೆಟ್ಟ ರೂಢಿಯೆಂದರೆ ಕೀಟನಾಶಕದ ಖಾಲಿ ಕ್ಯಾನಿಗೆ ಪೆಟ್ರೋಲ್ ತುಂಬುವುದು. ಎರಡನೆಯದು, ಸವೆದ ವಾಷರಿನ ಜಾಗಕ್ಕೆ ಸೈಕಲ್ ಟ್ಯೂಬ್ ಕತ್ತರಿಸಿ ಹಾಕುವುದು. ಆ ರಬ್ಬರ್ ಪೆಟ್ರೋಲಿಗೆ ಉಬ್ಬಿ, ಮೆತ್ತಗಾಗಿ, ಕೊನೆಗೆ ಕರಗಿದಂತಾಗುತ್ತದೆ. ಕೇಳಬೇಕಾದದ್ದು ನೈಟ್ರೈಲ್ ರಬ್ಬರಿನ ವಾಷರ್. ಎಥನಾಲ್ ಹೆಚ್ಚಿರುವ ಪೆಟ್ರೋಲಿಗೆ ವೈಟಾನ್ ಇನ್ನೂ ಬಾಳಿಕೆ. ಅಗ್ಗದ ವಸ್ತು, ಪ್ರಯಾಣಕ್ಕೆ ಮುಂಚೆ ಹೊಸದು ಹಾಕಿ, ಇನ್ನೊಂದನ್ನು ಜೇಬಿನಲ್ಲಿಟ್ಟುಕೊಳ್ಳಬಹುದು.

ಹೊಸ ಕ್ಯಾನಿನಲ್ಲಿ ಕಾರ್ಖಾನೆಯ ಎಣ್ಣೆ, ಬಣ್ಣದ ಚೂರು ಉಳಿದಿರುತ್ತವೆ. ಅರ್ಧ ಲೀಟರ್ ಪೆಟ್ರೋಲ್ ಹಾಕಿ ಕುಲುಕಿ ಹೊರತೆಗೆಯಿರಿ; ಅದನ್ನು ಚರಂಡಿಗೆ ಚೆಲ್ಲದೆ ಗ್ಯಾರೇಜಿನವರಿಗೆ ಕೊಡಿ. ನೀರಿನಿಂದ ತೊಳೆದರೆ ತುಕ್ಕಿಗೆ ದಾರಿ. ಪ್ರಯಾಣ ಮುಗಿದ ಮೇಲೆ ಉಳಿದದ್ದನ್ನು ಟ್ಯಾಂಕಿಗೆ ಸುರಿದು, ಮನೆಯಿಂದ ದೂರದ ಬಯಲಿನಲ್ಲಿ ಬಾಯಿ ತೆರೆದಿಟ್ಟು ಆವಿ ಪೂರ್ತಿ ಹೋಗುವ ತನಕ ಬಿಡಬೇಕು, ಆಮೇಲೆ ಮುಚ್ಚಿಡಬೇಕು. ತೆರೆದಿಟ್ಟರೆ ಮಳೆಗಾಲದ ತೇವ ಒಳಸೇರುತ್ತದೆ. ಮುಂದಿನ ವರ್ಷಕ್ಕೆಂದು ಪೆಟ್ರೋಲನ್ನು ಅದರಲ್ಲೇ ಉಳಿಸುವುದು ಬೇಡ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗ್, ಗ್ಯಾಸ್ ಗೀಸರ್ ಇರುವ ಬಚ್ಚಲಿನ ಪಕ್ಕ, ಇನ್‌ವರ್ಟರ್ ಇಟ್ಟ ಮೆಟ್ಟಿಲಿನ ಕೆಳಗೆ, ಈ ಮೂರೂ ಜಾಗಗಳು ಖಾಲಿ ಕ್ಯಾನಿಗೂ ಸಲ್ಲವು. ಬೈಕನ್ನು ರೈಲಿನಲ್ಲಿ ಕಳಿಸುವವರು ಟ್ಯಾಂಕನ್ನೇ ಖಾಲಿ ಮಾಡಬೇಕಾಗುತ್ತದೆ, ಕ್ಯಾನಿನಲ್ಲಿ ಪೆಟ್ರೋಲ್ ಒಯ್ಯುವುದು ರೈಲ್ವೆ ಕಾಯ್ದೆಯಡಿ ಅಪರಾಧ. ಬೆಸುಗೆಯ ಗೆರೆಯಲ್ಲಿ ಒಸರಿದ, ಒಳಗೆ ತುಕ್ಕು ಎದ್ದ ಕ್ಯಾನಿಗೆ ರಿಪೇರಿ ಮಾಡಿಸಬೇಡಿ. ಆವಿ ಹೋದ ಮೇಲೆ, ಮತ್ತೆ ಯಾರೂ ಇಂಧನ ತುಂಬದಂತೆ ಮುಚ್ಚಳ ಕಳಚಿ ಗುಜರಿಗೆ ಹಾಕಿ. ಒಳಗೆ ಪೆಟ್ರೋಲ್ ಇತ್ತೆಂದು ಗುಜರಿಯವರಿಗೆ ಬಾಯಿಬಿಟ್ಟು ಹೇಳಿ, ಅವರು ಅದನ್ನು ಗ್ಯಾಸ್ ಕಟರಿನಿಂದ ಕೊಯ್ಯುವ ಮೊದಲು.